ಮಕ್ಕಳ ರಾತ್ರಿ ಬಟ್ಟೆ: ದಿನಾ ಒಗೆಯಬೇಕಾ, ಎರಡು ದಿನಕ್ಕೊಮ್ಮೆ ಸಾಕಾ?

ಹೋದ ಬೇಸಿಗೆಯ ಒಂದು ಶನಿವಾರ ಮಕ್ಕಳಿಬ್ಬರ ರಾತ್ರಿ ಬಟ್ಟೆಯನ್ನು ಎರಡು ಬಿಳಿ ಬಕೆಟ್‌ಗಳಲ್ಲಿ ಬೇರೆ ಬೇರೆ ನೆನೆ ಹಾಕಿದೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ಇಬ್ಬರೂ ಎರಡು ರಾತ್ರಿ ಹಾಕಿಕೊಂಡು ಮಲಗಿದ್ದ ಬಟ್ಟೆ. ಎರಡಕ್ಕೂ ಒಂದೇ ಅಳತೆ ನೀರು, ಒಂದೊಂದೇ ಚಮಚ ಸೋಪಿನ ಪುಡಿ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಮಗಳ ಬಕೆಟ್ಟಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ತೆಳ್ಳಗೆ ಮಬ್ಬಾಗಿತ್ತು. ಮಗನದ್ದು ಹಾಲು ಹಾಕದ ಚಹಾದ ಬಣ್ಣ. ತಳದಲ್ಲಿ ಸಣ್ಣ ಮರಳು ಬೇರೆ ಕೂತಿತ್ತು.

ಮಗಳು ಸಂಜೆ ಡ್ಯಾನ್ಸ್ ಕ್ಲಾಸ್ ಮುಗಿಸಿ ಬಂದು ಸ್ನಾನ ಮಾಡುತ್ತಾಳೆ. ಊಟ ಆದಮೇಲೆ ನೈಟ್ ಡ್ರೆಸ್ ಹಾಕಿಕೊಳ್ಳುತ್ತಾಳೆ. ಮಗನಿಗೆ ಬೆಳಿಗ್ಗೆ ಸ್ನಾನ. ಸ್ಕೂಲಿಂದ ಬಂದ ಕೂಡಲೇ ಯೂನಿಫಾರ್ಮ್ ತೆಗೆದು ಮೆತ್ತನೆಯ ಚಡ್ಡಿ, ಟೀ ಶರ್ಟ್ ಹಾಕಿಬಿಡುತ್ತಿದ್ದೆ. ಅದರಲ್ಲೇ ಬೀದಿ ಆಟ, ಅದರಲ್ಲೇ ಸಾರು ಅನ್ನ, ಅದರಲ್ಲೇ ನಿದ್ದೆ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಹೀಗೇ ಅಲ್ವಾ? ರಾತ್ರಿ ಬಟ್ಟೆ ಅಂತ ನಾವು ಕರೆಯುವುದು ನಿಜವಾಗಿ ಸಂಜೆ ಐದರಿಂದ ಬೆಳಿಗ್ಗೆ ಏಳರವರೆಗಿನ ಮನೆ ಬಟ್ಟೆ.

ಹಾಗಾಗಿ "ನೈಟ್ ಡ್ರೆಸ್ ಎಷ್ಟು ದಿನಕ್ಕೊಮ್ಮೆ ಒಗೆಯಬೇಕು" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಮಗು ಸ್ನಾನ ಮಾಡುವುದು ಯಾವಾಗ? ಆ ಬಟ್ಟೆ ಹಾಕಿಕೊಂಡು ಹೊಸಿಲು ದಾಟುತ್ತಾ? ಇವೆರಡು ಗೊತ್ತಾದರೆ ಉಳಿದ ಲೆಕ್ಕ ಸಲೀಸು.

ದಿನಾ ಒಗೆಯುವುದು

ಎರಡು ವರ್ಷದೊಳಗಿನ ಮಕ್ಕಳಿದ್ದರೆ ಬೇರೆ ದಾರಿ ಇಲ್ಲ. ಜೊಲ್ಲು, ಕಕ್ಕಿದ ಹಾಲು, ಸೋರಿದ ಡೈಪರ್, ಇವೆಲ್ಲ ರಾತ್ರಿಯೇ ಜಾಸ್ತಿ. ಎಣ್ಣೆ ಹಚ್ಚಿ ನೀರು ಹಾಕುವ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಬಟ್ಟೆಗೆ ಅಂಟಿ ಎರಡು ದಿನ ಕೂತರೆ ಕಮಟು ವಾಸನೆ ಹಿಡಿಯುತ್ತದೆ. ಆಮೇಲೆ ಎಷ್ಟು ಒಗೆದರೂ ಅದು ಪೂರ್ತಿ ಹೋಗಲ್ಲ. ಎಣ್ಣೆ ಬಟ್ಟೆಯನ್ನು ಅವತ್ತೇ ಬಿಸಿನೀರಲ್ಲಿ ನೆನೆ ಹಾಕುವುದು ಒಳ್ಳೆಯದು.

ಬೆಳಿಗ್ಗೆ ಸ್ನಾನ ಮಾಡಿ, ಸಂಜೆ ಹಾಕಿದ ಬಟ್ಟೆಯಲ್ಲೇ ಮಲಗುವ ಮಕ್ಕಳಿಗೂ ದಿನಾ ಬದಲಾಯಿಸಬೇಕು. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆ ರಾತ್ರಿಗಳಲ್ಲಿ, ಮಂಗಳೂರು ಉಡುಪಿಯ ಸೆಕೆಯಲ್ಲಿ ಮಗು ಬೆನ್ನೆಲ್ಲ ನೆನೆದು ಏಳುತ್ತದೆ. ಅಲ್ಲಿ ಸಂಜೆ ಸ್ನಾನ ಮಾಡಿಸಿದರೂ ಅಷ್ಟೇ, ಬೆವರಿದ ಬಟ್ಟೆ ಇನ್ನೊಂದು ರಾತ್ರಿಗೆ ಬೇಡ. ಇಸುಬು ಇರುವ ಮಕ್ಕಳಿಗೂ ದಿನಾ ಒಗೆದದ್ದೇ ಹಿತ. ಆದರೆ ಅವರ ಬಟ್ಟೆಗೆ ಪುಡಿ ಕಡಿಮೆ ಹಾಕಿ, ಒಂದು ಸಲ ಜಾಸ್ತಿ ಜಾಲಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಇದನ್ನು ಇನ್ನೂ ಗಮನಿಸಬೇಕು. ಗಡಸು ನೀರಲ್ಲಿ ನೊರೆ ಬರಲ್ಲ ಅಂತ ನಾವು ಪುಡಿ ಸುರಿಯುತ್ತೇವೆ, ಅದು ನೂಲಿನಲ್ಲೇ ಉಳಿದು ಮಗುವಿನ ಕತ್ತು, ಮೊಣಕೈ ಮಡಿಕೆಯಲ್ಲಿ ಉರಿಯುತ್ತದೆ. ಒಣಗಿದ ಬಟ್ಟೆ ಹಪ್ಪಳದ ಹಾಗೆ ಬಿರುಸಾಗಿದ್ದರೆ ಗಡಸು ನೀರಿನ ಜೊತೆ ಸೋಪೂ ಉಳಿದಿರಬಹುದು. ಒಂದು ಮಗ್ ನೀರಲ್ಲಿ ಒಣಗಿದ ಬಟ್ಟೆಯ ತುದಿ ಅದ್ದಿ ಕಿವುಚಿ ನೋಡಿ. ನೊರೆ ಎದ್ದರೆ ಸೋಪು ಹೋಗಿಲ್ಲ ಅಂತಲೇ.

ದಿನಾ ಒಗೆಯುವುದರ ನಷ್ಟ ನೀರು. ಬಟ್ಟೆಯೂ ಬೇಗ ಸವೆಯುತ್ತದೆ, ಸೊಂಟದ ಎಲಾಸ್ಟಿಕ್ ಮೊದಲು ಹೋಗುತ್ತದೆ.

ಎರಡು ಮೂರು ರಾತ್ರಿಗೊಮ್ಮೆ

ಸಂಜೆ ಸ್ನಾನ, ಮಲಗುವ ಹೊತ್ತಿಗಷ್ಟೇ ಹಾಕುವ ಬೇರೆ ಬಟ್ಟೆ, ಬೆಳಿಗ್ಗೆ ಎದ್ದ ಮೇಲೆ ತೆಗೆದಿಡುವುದು. ಈ ಮೂರೂ ಸರಿಯಾಗಿ ನಡೆಯುವ ಮನೆಗೆ ಎರಡು ರಾತ್ರಿಗೊಮ್ಮೆ ಸಾಕು. ಬೆಂಗಳೂರು, ಮೈಸೂರು, ಹಾಸನದ ತಣ್ಣನೆ ತಿಂಗಳುಗಳಲ್ಲಿ ಮೂರು ರಾತ್ರಿಗೂ ತೊಂದರೆ ಇಲ್ಲ. ಐದಾರು ವರ್ಷ ದಾಟಿದ ಮಕ್ಕಳಿಗೆ ನಾನು ಆರಿಸುವುದು ಇದನ್ನೇ.

ಒಂದೇ ಷರತ್ತು. ಬೆಳಿಗ್ಗೆ ತೆಗೆದ ಬಟ್ಟೆಯನ್ನು ಮಡಿಸಿ ದಿಂಬಿನ ಕೆಳಗೆ ತುರುಕಬೇಡಿ. ರಾತ್ರಿಯ ಬೆವರಿನ ಪಸೆ ಅಲ್ಲೇ ಉಳಿಯುತ್ತದೆ. ಒಳಗಿನ ಮಗ್ಗುಲು ಹೊರಗೆ ಮಾಡಿ ಗಾಳಿಗೆ ತೂಗುಹಾಕಿ. ಇನ್ನು ಒಳಚಡ್ಡಿ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ದಿನಾ ಬದಲಾಗಬೇಕು.

ವಾರಕ್ಕೊಮ್ಮೆ

ಮಕ್ಕಳಿಗೆ ನಾನಂತೂ ಬೇಡ ಅನ್ನುತ್ತೇನೆ. "ವಾಸನೆ ಬಂದಿಲ್ಲ, ಇನ್ನೂ ನಡೆಯುತ್ತೆ" ಅನ್ನುವವರು ಒಂದು ವಿಷಯ ತಿಳಿದುಕೊಳ್ಳಬೇಕು. ದೊಡ್ಡವರ ಕಂಕುಳಲ್ಲಿ ನಾರುವ ಬೆವರಿನ ಗ್ರಂಥಿಗಳು ಚಿಕ್ಕ ಮಕ್ಕಳಲ್ಲಿ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಅವು ಚುರುಕಾಗುವುದು ಮೈ ನೆರೆಯುವ ಕಾಲಕ್ಕೆ. ನಾಲ್ಕು ವರ್ಷದ ಮಗುವಿನ ಬಟ್ಟೆ ನಾಲ್ಕು ದಿನ ಹಾಕಿದರೂ ಅಪ್ಪನ ಬನಿಯನ್ನಿನ ಹಾಗೆ ವಾಸನೆ ಹೊಡೆಯಲ್ಲ. ಹಾಗಂತ ಅದು ಚೊಕ್ಕಟವಾಗಿದೆ ಅಂತಲ್ಲ. ಮೂಸಿ ನೋಡುವುದಕ್ಕಿಂತ ತೋಳಿನ ತುದಿ ಮುಟ್ಟಿ ನೋಡಿ. ನನ್ನ ಮಗನ ಟೀ ಶರ್ಟಿನ ಬಲತೋಳು ಎರಡನೇ ದಿನಕ್ಕೇ ಗಂಜಿ ಹಾಕಿದ ಹಾಗೆ ಬಿರುಸಾಗಿರುತ್ತದೆ. ಮೂಗು ಒರೆಸಿದ್ದು, ಮೊಸರನ್ನ ಒರೆಸಿದ್ದು, ಎಲ್ಲ ಅಲ್ಲೇ.

ಹತ್ತು ವರ್ಷದ ಆಸುಪಾಸಿನಲ್ಲಿ ಬೆವರಿನ ವಾಸನೆ ಶುರುವಾದಾಗ ಮಕ್ಕಳಿಗೆ ಮುಜುಗರ ಆಗದ ಹಾಗೆ ಒಗೆಯುವ ದಿನವನ್ನು ಹತ್ತಿರಕ್ಕೆ ತಂದುಬಿಡಿ. ಅದನ್ನು ಎಲ್ಲರೆದುರು ಹೇಳುವ ಅಗತ್ಯ ಇಲ್ಲ.

ಮೇಲೆ ಹಾಕುವ ಸ್ವೆಟರ್ ಮಾತ್ರ ಬೇರೆ. ಅದು ಮೈಗೆ ನೇರ ತಾಗುವುದಿಲ್ಲ, ವಾರ ಹತ್ತು ದಿನಕ್ಕೊಮ್ಮೆ ಸಾಕು.

ಮನೆಯ ಒಟ್ಟು ಬಟ್ಟೆ: ದಿನಾ ಸ್ವಲ್ಪವೋ, ಒಟ್ಟಿಗೆ ರಾಶಿಯೋ?

ಇಲ್ಲಿ ತೀರ್ಮಾನ ಮಾಡುವುದು ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ, ಕಾರು ತೊಳೆಯಲು, ಗಿಡಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಆವಾಗಲೇ ನಮ್ಮ ಮನೆಯಲ್ಲಿ ದಿನದ ಒಗೆತ ನಿಂತು ದಿನ ಬಿಟ್ಟು ದಿನ ಆಯಿತು. ಮಳೆ ಬಂದ ಮೇಲೂ ಅದನ್ನೇ ಮುಂದುವರಿಸಿದ್ದೇವೆ.

ಫ್ರಂಟ್ ಲೋಡ್ ಮಷೀನು ಏಳು ಕೆಜಿಯದ್ದಾದರೆ ಒಂದು ಸುತ್ತಿಗೆ ಸುಮಾರು 50ರಿಂದ 70 ಲೀಟರ್ ಕುಡಿಯುತ್ತದೆ. ಮೇಲಿಂದ ಬಟ್ಟೆ ತುಂಬುವ ಆಟೊಮ್ಯಾಟಿಕ್ ಮಷೀನು ಅದೇ ಅಳತೆಯ ಬಟ್ಟೆಗೆ 100 ಲೀಟರ್ ದಾಟುವುದು ಸಾಮಾನ್ಯ. ಎರಡರಲ್ಲೂ ಅರ್ಧ ಬಟ್ಟೆ ಹಾಕಿದರೆ ಅರ್ಧ ನೀರು ಸಾಕಾಗುತ್ತೆ ಅನ್ನುವ ಹಾಗಿಲ್ಲ. ಮಷೀನು ತೂಕ ನೋಡಿ ಸ್ವಲ್ಪ ಇಳಿಸುತ್ತದೆ, ಅಷ್ಟೇ. ಹಾಗಾಗಿ ನಾಲ್ಕು ಜನರ ಮನೆಯಲ್ಲಿ ದಿನಾ ಮಷೀನು ಓಡಿಸುವುದು ನೀರಿಗೂ ದಂಡ, ಕರೆಂಟಿಗೂ ದಂಡ. ದಿನ ಬಿಟ್ಟು ದಿನ ತುಂಬಿದ ಡ್ರಮ್ ಓಡಿಸುವುದು ಮೇಲು. ತುಂಬಿದ ಡ್ರಮ್ ಅಂದರೂ ಮೇಲೆ ಒಂದು ಗೇಣು ಜಾಗ ಬಿಡಿ, ಬಟ್ಟೆ ಬಿದ್ದು ಹೊರಳದಿದ್ದರೆ ಕೊಳೆ ಬಿಡಲ್ಲ.

ಸೆಮಿ ಆಟೊಮ್ಯಾಟಿಕ್ ಇರುವವರು ಅದನ್ನು ಹಳೆಯದು ಅಂತ ಬೇಗ ತೆಗೆದುಹಾಕಬೇಡಿ. ಅದರಲ್ಲಿ ನೀರು ನಮ್ಮ ಕೈಲಿರುತ್ತದೆ. ಮೊದಲು ಬಿಳಿ ಬಟ್ಟೆ ಮತ್ತು ಮಕ್ಕಳದ್ದು, ಅದೇ ಸೋಪಿನ ನೀರಲ್ಲಿ ಆಮೇಲೆ ಬಣ್ಣದ್ದು, ಕೊನೆಗೆ ಕಾಲೊರೆಸುವ ಮ್ಯಾಟು. ಟ್ಯಾಂಕರ್ ನೀರು ಕೊಳ್ಳುವ ಮನೆಗೆ ಇದರಷ್ಟು ಅನುಕೂಲದ ಮಷೀನು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಓಡಾಟ ಜಾಸ್ತಿ, ನಿಂತು ಮಾಡಬೇಕು, ಇದು ನಿಜ. ಸೊಂಟ ನೋವಿರುವವರಿಗೆ ಇದನ್ನು ಹೇಳಲಾರೆ.

ಇನ್ನು ಕೈಯಲ್ಲಿ ಒಗೆಯುವುದು. ಇಬ್ಬರು ಮಕ್ಕಳ ರಾತ್ರಿ ಬಟ್ಟೆಯನ್ನಷ್ಟೇ ಸ್ನಾನದ ಹೊತ್ತಿಗೆ ಒಂದು ಬಕೆಟ್ಟಿನಲ್ಲಿ ನೆನೆ ಹಾಕಿ, ಉಜ್ಜಿ, ಎರಡು ಸಲ ಜಾಲಿಸಿದರೆ ಒಟ್ಟು 30 ಲೀಟರಿನಲ್ಲಿ ಮುಗಿಯುತ್ತದೆ. ಜಾಲಿಸಿದ ನೀರು ಬಚ್ಚಲು ತೊಳೆಯಲು ಆಯಿತು. ಚಿಕ್ಕ ಮಗು ಇರುವ ಮನೆಗೆ ನಾನು ಹೇಳುವುದು ಇದು: ಮಗುವಿನದ್ದು ದಿನಾ ಕೈಯಲ್ಲಿ, ಉಳಿದದ್ದು ದಿನ ಬಿಟ್ಟು ದಿನ ಮಷೀನಿನಲ್ಲಿ. ಮಡಿ ಆಚರಿಸುವ ಮನೆಗಳಲ್ಲಿ ದಿನಾ ಹೇಗೂ ಒಂದು ಬಕೆಟ್ ಒಗೆತ ನಡೆದೇ ಇರುತ್ತದೆ, ಅದರ ಹಿಂದೆಯೇ ಮಗುವಿನದ್ದೂ ಆಗಿಬಿಡುತ್ತದೆ.

ವಾರಕ್ಕೊಮ್ಮೆ ಭಾನುವಾರ ರಾಶಿ ಒಗೆಯುವುದು ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಅನಿವಾರ್ಯ ಆಗಬಹುದು. ಹಾಗಿದ್ದರೆ ಬುಟ್ಟಿ ತೂತಿನದ್ದಿರಲಿ, ಮುಚ್ಚಳದ ಪ್ಲಾಸ್ಟಿಕ್ ಡ್ರಮ್ ಬೇಡ. ಒದ್ದೆ ಟವೆಲ್ ಆ ರಾಶಿಗೆ ಸೇರಬಾರದು. ಒಂದು ಒದ್ದೆ ಟವೆಲ್ ಬುಧವಾರ ಒಳಗೆ ಬಿದ್ದರೆ ಭಾನುವಾರದ ಹೊತ್ತಿಗೆ ಬಿಳಿ ಅಂಗಿಗಳ ಮೇಲೆ ಕರಿ ಚುಕ್ಕೆ ಬೂಷ್ಟು ಬಂದಿರುತ್ತದೆ. ಅದು ಸುಲಭಕ್ಕೆ ಹೋಗುವ ಕಲೆ ಅಲ್ಲ.

ಬಿಸಿನೀರಿನ ವಿಷಯ. 60 ಡಿಗ್ರಿಯಲ್ಲಿ ಒಗೆದರೆ ಹಾಸಿಗೆಯ ದೂಳಿನ ನುಸಿ ಸಾಯುತ್ತದೆ. ಉಬ್ಬಸ, ಬೆಳಿಗ್ಗೆ ಎದ್ದ ಕೂಡಲೇ ಸೀನು ಇರುವ ಮಕ್ಕಳ ಬೆಡ್‌ಶೀಟಿಗೆ, ದಿಂಬಿನ ಕವರಿಗೆ ವಾರಕ್ಕೊಮ್ಮೆ ಈ ಬಿಸಿ ಕೊಡುವುದು ಒಳ್ಳೆಯದು. ಫ್ರಂಟ್ ಲೋಡಿನಲ್ಲಿ ಒಗೆಯುವ ನೀರು 15 ಲೀಟರ್ ಅಂತ ಹಿಡಿದರೆ, 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ಗೃಹಜ್ಯೋತಿಯಲ್ಲಿ ಗರಿಷ್ಠ 200 ಯೂನಿಟ್ ಅಂದರೂ ಪ್ರತಿ ಮನೆಗೆ ಅದರ ಹಿಂದಿನ ಸರಾಸರಿ ನೋಡಿ ಮಿತಿ ಇದೆಯಲ್ಲ, ಅದರ ಅಂಚಿನಲ್ಲಿರುವವರು ದಿನಾ ಬಿಸಿ ಒಗೆತಕ್ಕೆ ಹೋಗಬೇಡಿ. ದಿನದ ರಾತ್ರಿ ಬಟ್ಟೆಗೆ ತಣ್ಣೀರು, ಒಳ್ಳೆ ಬಿಸಿಲು ಸಾಕು.

ಹಾಸಿಗೆ, ಟವೆಲ್, ಅಡುಗೆಮನೆ ಬಟ್ಟೆ

ಬೆಡ್‌ಶೀಟ್ ವಾರಕ್ಕೊಮ್ಮೆ. ತಲೆಗೆ ಎಣ್ಣೆ ಹಚ್ಚಿ ಮಲಗುವ ಮಕ್ಕಳ ದಿಂಬಿನ ಕವರ್ ಮೂರು ನಾಲ್ಕು ದಿನಕ್ಕೊಮ್ಮೆ. ಮೈ ಒರೆಸುವ ಟವೆಲ್ ಪ್ರತಿ ಸಲ ಪೂರ್ತಿ ಒಣಗುವುದಾದರೆ ಮೂರು ನಾಲ್ಕು ಸಲಕ್ಕೆ ಬರುತ್ತದೆ. ಅಡುಗೆಮನೆಯ ಕೈಬಟ್ಟೆ, ಮಸಿಬಟ್ಟೆ ದಿನಾ, ಅದೂ ಬೇರೆಯಾಗಿ.

ಕೌದಿ ಬಗ್ಗೆ ಸ್ವಲ್ಪ ಹೇಳಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ಕೌದಿಯಷ್ಟು ಹಿತವಾದ ಹಾಸಿಗೆ ಮಕ್ಕಳಿಗೆ ಇನ್ನೊಂದಿಲ್ಲ. ಆದರೆ ನೆನೆದರೆ ಅದನ್ನು ಇಬ್ಬರು ಹಿಡಿದು ಹಿಂಡಬೇಕು, ಮನೆಯ ಮಷೀನಿಗೆ ಅದು ಭಾರ. ಕೆರೆಗೋ ಕಾಲುವೆಗೋ ಒಯ್ದು ವರ್ಷಕ್ಕೆ ಒಂದೆರಡು ಸಲ ಒಗೆಯುವುದು ಹಿಂದಿನಿಂದ ಬಂದ ರೂಢಿ. ಹಾಗಾದರೆ ಉಚ್ಚೆ ಹುಯ್ದುಕೊಳ್ಳುವ ಮಗುವನ್ನು ಅದರ ಮೇಲೆ ಮಲಗಿಸುವುದು ಹೇಗೆ? ಕೌದಿ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಹಳೆಯ ಹತ್ತಿ ಪಂಚೆಯನ್ನೋ ಸೀರೆಯ ಅರ್ಧವನ್ನೋ ನಾಲ್ಕು ಮಡಿಕೆ ಮಾಡಿ ಹಾಸಿ. ಒಗೆಯುವುದು ಆ ಪಂಚೆಯನ್ನು ಮಾತ್ರ. ಕೌದಿಗೆ ವಾರಕ್ಕೊಮ್ಮೆ ಬಿಸಿಲು.

ಮಳೆಗಾಲದಲ್ಲಿ ಲೆಕ್ಕ ತಲೆಕೆಳಗು

ನನ್ನ ತವರು ತೀರ್ಥಹಳ್ಳಿ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಟ್ಟೆ ಒಗೆಯುವುದು ದೊಡ್ಡ ಕೆಲಸವೇ ಅಲ್ಲ, ಒಣಗಿಸುವುದು ಕೆಲಸ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಅಮ್ಮ ನಮ್ಮ ಬಟ್ಟೆ ಒಣಗಿಸುತ್ತಿದ್ದರು. ಸ್ಕೂಲಲ್ಲಿ ಎಲ್ಲರ ಯೂನಿಫಾರ್ಮೂ ಹೊಗೆ ವಾಸನೆ.

ಮನೆಯೊಳಗೆ ನಿಧಾನ ಒಣಗಿದ ಬಟ್ಟೆಗೆ ಬರುವ ಮುಗ್ಗಲು ವಾಸನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಅನ್ನುವ ಒಂದು ಬ್ಯಾಕ್ಟೀರಿಯಾ. ಒಗೆದ ಮೇಲೂ ನೂಲಿನಲ್ಲಿ ಉಳಿದು, ತೇವ ಸಿಕ್ಕರೆ ಬೆಳೆಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ದಿನಾ ಒಗೆದು ಅರೆಬರೆ ಒಣಗಿದ್ದನ್ನು ಮಗುವಿಗೆ ಹಾಕುವುದಕ್ಕಿಂತ, ಒಂದು ರಾತ್ರಿ ಹಾಕಿದ್ದ ಒಣ ಬಟ್ಟೆಯನ್ನು ಇನ್ನೊಂದು ರಾತ್ರಿ ಹಾಕುವುದೇ ಎಷ್ಟೋ ಮೇಲು. ತೊಡೆಸಂದಿಯಲ್ಲಿ ತೇವ ಇದ್ದರೆ ಗಜಕರ್ಣ ಶುರುವಾಗುತ್ತದೆ, ಅದು ಮನೆಮಂದಿಗೆಲ್ಲ ಹರಡುತ್ತದೆ. ಮಷೀನಿದ್ದರೆ ಎರಡು ಸಲ ಸ್ಪಿನ್ ಮಾಡಿ. ಬಟ್ಟೆ ನಡುವೆ ಎರಡು ಬೆರಳು ಜಾಗ ಬಿಟ್ಟು ಫ್ಯಾನ್ ಕೆಳಗೆ ಹಾಕಿ. ಕೊನೆಗೆ ಹೊಲಿಗೆ, ಎಲಾಸ್ಟಿಕ್ ಇರುವ ಕಡೆ ಇಸ್ತ್ರಿ ಒತ್ತಿ. ತೇವ ಅಡಗಿ ಕೂರುವುದು ಅಲ್ಲಿಯೇ.

ಯಾವ ಲೆಕ್ಕವೂ ನಡೆಯದ ದಿನಗಳು

ಜಂತುಹುಳು ಮೊದಲು. ಮಗು ರಾತ್ರಿ ಹೊತ್ತು ಕುಂಡೆ ತುರಿಸಿಕೊಂಡು ಹೊರಳಾಡುತ್ತಿದ್ದರೆ ದಾರದ ಎಳೆಯಂಥ ಬಿಳಿ ಹುಳು ಇದೆಯಾ ನೋಡಿ. ಹೆಣ್ಣುಹುಳು ರಾತ್ರಿಯೇ ಹೊರಗೆ ಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ. ತುರಿಸಿದ ಉಗುರಿಗೆ, ಒಳಚಡ್ಡಿಗೆ, ರಾತ್ರಿ ಪ್ಯಾಂಟಿಗೆ, ಬೆಡ್‌ಶೀಟಿಗೆ ಮೊಟ್ಟೆ ಅಂಟುತ್ತದೆ. ಕಣ್ಣಿಗೆ ಕಾಣಲ್ಲ. ಬಟ್ಟೆ, ಹಾಸಿಗೆಯಲ್ಲಿ ಎರಡು ವಾರದವರೆಗೂ ಬದುಕಬಲ್ಲದು. ಸರ್ಕಾರ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತದೆ. ಆದರೆ ಮಾತ್ರೆ ಸಾಯಿಸುವುದು ಹುಳುವನ್ನು, ಮೊಟ್ಟೆಯನ್ನಲ್ಲ. ಹಾಗಾಗಿ ಈ ಹುಳುವಿಗೆ ಡಾಕ್ಟರು ಎರಡು ವಾರ ಬಿಟ್ಟು ಇನ್ನೊಂದು ಸಲ ಕೊಡುತ್ತಾರೆ, ಮನೆಯವರಿಗೆಲ್ಲ ತೆಗೆದುಕೊಳ್ಳಲು ಹೇಳುತ್ತಾರೆ.

ಮಾತ್ರೆ ನುಂಗಿದ ಮಾರನೇ ಬೆಳಿಗ್ಗೆ ರಾತ್ರಿ ಬಟ್ಟೆ, ಒಳಚಡ್ಡಿ, ಬೆಡ್‌ಶೀಟ್, ಹೊದಿಕೆ, ಟವೆಲ್ ಎಲ್ಲವನ್ನೂ ಒಂದೇ ದಿನ ಬಿಸಿನೀರಲ್ಲಿ ಒಗೆಯಿರಿ. ಬೆಡ್‌ಶೀಟನ್ನು ಕೊಡವಬೇಡಿ, ಮೊಟ್ಟೆ ಗಾಳಿಗೆ ಹಾರಿ ನೆಲದ ಮೇಲೆ ಬೀಳುತ್ತದೆ. ನಾಲ್ಕು ಮೂಲೆ ಒಳಗೆ ಮಡಚಿ ಉಂಡೆ ಮಾಡಿ ನೇರ ಮಷೀನಿಗೆ ಹಾಕಿ. ಮುಂದಿನ ಎರಡು ವಾರ ರಾತ್ರಿ ಬಟ್ಟೆ ದಿನಾ ಬದಲಾಗಲಿ. ಸಂಜೆ ಸ್ನಾನದ ಪರ ಇಷ್ಟು ಹೇಳಿದ ನಾನೇ ಈ ಎರಡು ವಾರ ಬೆಳಿಗ್ಗೆ ಸ್ನಾನ ಮಾಡಿಸಿ ಅನ್ನುತ್ತೇನೆ. ರಾತ್ರಿ ಇಟ್ಟ ಮೊಟ್ಟೆ ಬೆಳಿಗ್ಗೆಯ ನೀರಿನಲ್ಲಿ ತೊಳೆದು ಹೋಗಬೇಕು.

ತುರಿಕಜ್ಜಿ ಆದರೆ ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಹಾಸಿಗೆ ಬಿಸಿನೀರಿಗೆ. ಕಜ್ಜಿಯ ನುಸಿ ಮನುಷ್ಯನ ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಒಗೆಯಲಾಗದ ಕಂಬಳಿ, ಮಗುವಿನ ಬಟ್ಟೆ ಗೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕು ದಿನ ಇಟ್ಟುಬಿಡಿ. ಡಾಕ್ಟರು ಕೊಟ್ಟ ಮುಲಾಮನ್ನು ಮನೆಯವರೆಲ್ಲ ಅದೇ ದಿನ ಹಚ್ಚಿಕೊಳ್ಳಬೇಕು.

ಹಾಸಿಗೆ ಒದ್ದೆ ಮಾಡುವ ಮಕ್ಕಳ ಬಟ್ಟೆಯನ್ನು ಬೆಳಿಗ್ಗೆಯೇ ತಣ್ಣೀರಲ್ಲಿ ಒಂದು ಸಲ ಜಾಲಿಸಿಡಿ, ಸೋಪಿನ ಒಗೆತ ಆಮೇಲೆ ಆದರೂ ಆಗುತ್ತದೆ. ಆ ಬಟ್ಟೆಗೆ ಬ್ಲೀಚ್ ಮಾತ್ರ ಹಾಕಬೇಡಿ. ಉಚ್ಚೆಯಲ್ಲಿರುವ ಅಮೋನಿಯಾ ಜೊತೆ ಬ್ಲೀಚ್ ಸೇರಿದರೆ ಕಣ್ಣು, ಎದೆ ಉರಿಸುವ ವಿಷದ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಅಪಾಯ. ಮಗುವಿಗೆ ಬೈಯಬೇಡಿ. ಒದ್ದೆ ಬಟ್ಟೆ ಎಲ್ಲಿ ಹಾಕಬೇಕು, ಒಣ ಬಟ್ಟೆ ಎಲ್ಲಿದೆ ಅಂತ ತೋರಿಸಿಕೊಟ್ಟರೆ ನಡುರಾತ್ರಿ ತಾನೇ ಬದಲಾಯಿಸಿಕೊಂಡು ಮಲಗುತ್ತದೆ.

ಹೊರಗೆ ಕೊಡುವುದು

ಮಡಿವಾಳರಿಗೋ, ಕೆಜಿ ಲೆಕ್ಕದ ಲಾಂಡ್ರಿಗೋ ಕೊಡುವವರು ಬೆಡ್‌ಶೀಟ್, ರಗ್ಗು, ಪರದೆ ಕೊಡಿ. ದೊಡ್ಡ ಮಷೀನು, ದೊಡ್ಡ ತಂತಿ ಇರುವ ಕಡೆ ಅವು ಚೆನ್ನಾಗಿ ಆಗುತ್ತವೆ. ಮಕ್ಕಳ ರಾತ್ರಿ ಬಟ್ಟೆಯನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಕೊಡಲೇಬೇಕಾದರೆ ಒಂದು ಮನೆಯ ಬಟ್ಟೆಯನ್ನು ಬೇರೆಯಾಗಿಯೇ ಹಾಕುತ್ತೀರಾ ಅಂತ ಕೇಳಿ, ಘಮಘಮ ಅನ್ನುವ ಕಂಡೀಷನರ್ ಬೇಡ ಅನ್ನಿ.

ಎಷ್ಟು ಜೊತೆ ಬೇಕು?

ದಿನಾ ಬದಲಾಯಿಸಿ, ದಿನ ಬಿಟ್ಟು ದಿನ ಒಗೆಯುವ ಮನೆಗೆ ಬೇಸಿಗೆಯಲ್ಲಿ ಒಂದು ಮಗುವಿಗೆ ನಾಲ್ಕು ಜೊತೆ, ಮಳೆಗಾಲಕ್ಕೆ ಆರು. ಎರಡು ರಾತ್ರಿಗೊಮ್ಮೆ ಬದಲಾಯಿಸುವವರಿಗೆ ಮೂರು ಸಾಕು. ತೆಳು ಹತ್ತಿಯದ್ದೇ ತೆಗೆದುಕೊಳ್ಳಿ. ದಪ್ಪ ಹೊಸೈರಿ ಬಟ್ಟೆ ಮೈಗೆ ಹಿತ ನಿಜ, ಒಣಗಲು ಎರಡರಷ್ಟು ಹೊತ್ತು ಬೇಕು.

ಮಗನ ಪದ್ಧತಿ ಈಗ ಬದಲಾಗಿದೆ. ಆಟ ಮುಗಿಸಿ ಬಂದ ಮೇಲೆ ಎರಡು ಚೊಂಬು ಬಿಸಿನೀರು ಮೈಮೇಲೆ, ಆಮೇಲೆ ನೈಟ್ ಡ್ರೆಸ್. ಆದರೆ ಅವನಿಗೆ ದಿನಾ ಆ ಹಸಿರು ಡೈನೋಸಾರ್ ಶರ್ಟೇ ಬೇಕು. ಒಗೆಯಲು ತೆಗೆದ ದಿನ ಬಕೆಟ್ ಮುಂದೆ ಕೂತು ಅಳುತ್ತಿದ್ದ. ಮೊನ್ನೆ ಸಂತೆಬೀದಿಯಲ್ಲಿ ಅದೇ ಶರ್ಟ್ ಅದೇ ಅಳತೆಯಲ್ಲಿ ಸಿಕ್ಕಿತು, ಇನ್ನೊಂದು ತಂದೆ. ಈಗ ಒಂದು ಮೈಮೇಲಿದ್ದರೆ ಒಂದು ತಂತಿ ಮೇಲೆ ಇರುತ್ತದೆ.